ಗೊಬ್ಬರದ ಕಕ್ಕಸಿಗೆ ಒಂದು ಬಕೆಟ್ ನೀರು

ನಮ್ಮ ಹಿತ್ತಿಲಲ್ಲಿ ಗೊಬ್ಬರದ ಕಕ್ಕಸು ಕಟ್ಟಿಸಿದಾಗ ನನಗೆ ಐವತ್ತೆರಡು. ಆ ವಾರವಿಡೀ ಹೊಸ ಸೈಕಲ್ ಸಿಕ್ಕ ಹುಡುಗಿಯ ಹಾಗೆ ಓಡಾಡಿದೆ. ಮದುವೆಯಾಗಿ ಶ್ರೀಗಂಧದ ಕಾವಲಿನ ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ. ಗೋಡೆಯ ಬಣ್ಣದಿಂದ ಬಾಗಿಲ ಚಿಲಕದವರೆಗೆ ಎಲ್ಲವೂ ಅತ್ತೆಯ ಆಯ್ಕೆ. ಜಾಗ ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ, ಮನೆ ಅವರ ಹೆಸರಿನಲ್ಲಿ. ನಾನು ಬಯಸಿ ಕಟ್ಟಿಸಿದ ಮೊದಲ ಕೋಣೆ ಇದು. ಕಕ್ಕಸಾದರೇನು, ನನ್ನದು.

ಹಿಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರಿಗೆ ಕಾದು ತುಂಬಿಸಿದ ನೀರು ಒಂದೊಂದು ಫ್ಲಶ್ಶಿಗೂ ಹರಿದುಹೋಗುವಾಗ ಹೊಟ್ಟೆ ಉರಿಯುತ್ತಿತ್ತು. ಆಗಲೇ ಕೆಂಗೇರಿಯ ಪರಿಚಯದವರ ಮನೆಯಲ್ಲಿ ಇದನ್ನು ನೋಡಿದ್ದು. ಸೀಟಿನ ಕೆಳಗೊಂದು ಡ್ರಮ್ಮು. ಕೆಲಸ ಮುಗಿದ ಮೇಲೆ ಎರಡು ಹಿಡಿ ಮರದ ಹೊಟ್ಟು ಹಾಕಿ ಮುಚ್ಚಬೇಕು. ತೊಳೆದುಕೊಳ್ಳಲು ಪಕ್ಕದಲ್ಲೇ ಬೇರೆ ಜಾಗ, ಆ ನೀರು ಬಾಳೆಗಿಡಕ್ಕೆ. ಡ್ರಮ್ಮು ತುಂಬಿದರೆ ಎತ್ತಿಟ್ಟು ಬೇರೆಯದನ್ನು ಇಡುವುದು. ವರ್ಷ ಕಳೆದರೆ ಗೊಬ್ಬರ. ನಾನು ಮುಚ್ಚಳ ತೆಗೆದು ಮೂಗು ಇಟ್ಟೇ ನೋಡಿದೆ. ಬಡಗಿಯ ಅಂಗಡಿಯ ವಾಸನೆ ಬಂತು, ಅಷ್ಟೇ. ಮೆಟ್ರೋದಲ್ಲಿ ವಾಪಸ್ಸು ಬರುವಷ್ಟರಲ್ಲಿ ಮನಸ್ಸಿನಲ್ಲೇ ಗೋಡೆ ಎದ್ದಿತ್ತು.

ಅತ್ತೆ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಕಟ್ಟಿಸ್ಕೊ. ಆದ್ರೆ ನನ್ ಮೂಗಿಗೆ ಒಂದ್ ದಿನ ವಾಸನೆ ಬಡೀಲಿ, ಅವತ್ತೇ ಒಡೆಸ್ತೀನಿ."

ನನ್ನ ಗಂಡ ಪೇಪರಿನ ಹಿಂದೆ ಅಡಗಿದರು. ಅತ್ತೆ ಆಡಿದ್ದನ್ನು ಮಾಡಿಯೇ ತೀರುವವರು. ನಾನು ಪ್ರೀತಿಯಿಂದ ನೆಟ್ಟ ದಾಸವಾಳವನ್ನು, ಬುಡದಲ್ಲಿ ಹಾವು ಸೇರುತ್ತೆ ಅಂತ ಒಂದೇ ಬೆಳಿಗ್ಗೆ ಕೀಳಿಸಿದ್ದು ನಾನಿನ್ನೂ ಮರೆತಿಲ್ಲ.

"ಅಕ್ಕಾ, ಇಷ್ಟ್ ವರ್ಷದಲ್ಲಿ ಫ್ಲಶ್ ಇಲ್ದಿರೋ ಟಾಯ್ಲೆಟ್ ಕಟ್ತಿರೋದು ಇದೇ ಫಸ್ಟು" ಅಂದ ಗಾರೆ ಮೇಸ್ತ್ರಿ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಯೇ ಕೆಲಸ ಮುಗಿಸಿದ. ಬಾಗಿಲಿಗೆ ನಾನು ಗಿಳಿಹಸಿರು ಬಣ್ಣ ಹೊಡೆಸಿದೆ. ಅತ್ತೆ ಅದನ್ನು ಸರ್ಕಸ್ ಬಣ್ಣ ಅಂದರು. ಅನ್ನಲಿ ಬಿಡಿ. ತರಕಾರಿ ಗಾಡಿಯವಳಿಂದ ಹಿಡಿದು ಗ್ಯಾಸ್ ತರುವವನವರೆಗೆ ಎಲ್ಲರಿಗೂ ಡಂಗುರ ಸಾರಿದೆ. ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಬರೆದೆ: "ಒಳಗೆ ಒಂದು ತೊಟ್ಟು ನೀರೂ ಬೀಳಬಾರದು." ಗಂಡನಿಗೆ ದಿನಾ ಪಾಠ ಒಪ್ಪಿಸಲು ಹೇಳುತ್ತಿದ್ದೆ.

ಎರಡು ತಿಂಗಳು ವಾಸನೆಯ ಸುಳಿವಿಲ್ಲ. ಅತ್ತೆ ಮಾತ್ರ ಒಳಗಿನ ಹಳೇ ಕಕ್ಕಸು ಬಿಟ್ಟು ಕದಲಲಿಲ್ಲ. ಆದರೆ ಬೆಳಿಗ್ಗೆ ಹೂ ಬಿಡಿಸುವ ನೆಪದಲ್ಲಿ ಹಸಿರು ಬಾಗಿಲ ಮುಂದೆ ನಿಂತು, ಉಸಿರೆಳೆದು ಮೂಸಿ, ತಪ್ಪೇನೂ ಸಿಗದೆ ಹೋಗುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಒಳಗೊಳಗೇ ಕುಣಿಯುತ್ತಿದ್ದೆ.

ಹೀಗಿರುವಾಗ ಒಂದು ಶುಕ್ರವಾರ ಗಂಡನ ಅಕ್ಕ ಊಟಕ್ಕೆ ಬರುವವರಿದ್ದರು. ಅವರಿಗೆ ನನ್ನ ಕಕ್ಕಸು ತೋರಿಸುವ ಸಂಭ್ರಮ. ಶುಕ್ರವಾರವೆಂದರೆ ಮನೆಯೆಲ್ಲ ತೊಳೆಯುವ ದಿನ. ಹೊಸ್ತಿಲು, ತುಳಸಿಕಟ್ಟೆ, ಬಚ್ಚಲು, ಕೈ ತಾನಾಗಿಯೇ ಓಡುತ್ತದೆ. ಬಚ್ಚಲು ತೊಳೆದು ಉಳಿದ ಫಿನಾಯಿಲ್ ನೀರಿನ ಬಕೆಟ್ಟನ್ನು ಎತ್ತಿಕೊಂಡು ಹೋಗಿ, ಹಸಿರು ಬಾಗಿಲು ತೆಗೆದು, ಸೀಟಿನೊಳಕ್ಕೆ ಸುರಿದೇಬಿಟ್ಟೆ. ತಿರುಗಿ ಬಾಗಿಲು ಹಾಕುವಾಗ ನನ್ನದೇ ದುಂಡು ಅಕ್ಷರ ಕಣ್ಣಿಗೆ ಬಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅತಿಥಿ ಉಂಡು ಹೋಗುವ ತನಕ ಹಿತ್ತಿಲ ಕಡೆ ಯಾರನ್ನೂ ಬಿಡಲಿಲ್ಲ.

ಭಾನುವಾರಕ್ಕೆ ನಾತ ಎದ್ದಿತು. ನಾನು ಬಾಳೆಗಿಡದ ಪಕ್ಕ ಕೂತು ಅತ್ತುಬಿಟ್ಟೆ. ದಾಸವಾಳಕ್ಕೆ ಬಂದ ಗತಿಯೇ ಇದಕ್ಕೂ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ನೀರ್ ಸುರಿದಿದ್ದು ಯಾರು?"

"ನಾನೇ ಅತ್ತೆ. ಶುಕ್ರವಾರ ಅಲ್ವಾ, ಕೈ ಹೋಗ್ಬಿಡ್ತು."

ಮೇಸ್ತ್ರಿಗೆ ಫೋನ್ ಮಾಡು ಅನ್ನುತ್ತಾರೆಂದು ಕಾದೆ. ಅವರು ಬಗ್ಗಿ ಡ್ರಮ್ಮಿನೊಳಗೆ ನೋಡಿದರು. ಸೆರಗು ಮೂಗಿನಿಂದ ಜಾರಿ ಸೊಂಟಕ್ಕೆ ಬಂತು.

"ನೆನೆದ ತಿಪ್ಪೆ ಹಿಂಗೇ ಕಣಮ್ಮ ನಾರೋದು. ಅದ್ರ ಮೇಲೆ ಫಿನಾಯಿಲ್ ಬೇರೆ. ನಮ್ಮಪ್ಪ ಇದ್ದಿದ್ರೆ ನಿನ್ನನ್ನ ಹೊಲದ ಬದು ಮೇಲೂ ನಿಲ್ಲಿಸ್ತಿರಲಿಲ್ಲ." ಆಮೇಲೆ ಮನೆಯೊಳಕ್ಕೆ ಕೂಗಿದರು: "ಲೋ, ಪೇಪರ್ ಆಮೇಲೆ ಓದೋವಂತೆ. ಇಸ್ತ್ರಿ ಅಂಗಡಿಯಿಂದ ಬೂದಿ ತಗೊಂಡ್ ಬಾ."

ಬೂದಿ ಬಂತು. ರಸ್ತೆಯ ಒಣ ಎಲೆ ಬಂತು, ಮೂಟೆ ಹೊಟ್ಟು ಬಂತು. ಅತ್ತೆ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಟ್ಟರು. ನಾನು ಗ್ಲೌಸು ಹಾಕಿಕೊಂಡು ಕೋಲಿನಿಂದ ತಿರುವಿದೆ. ಐದನೇ ದಿನ ನಾತ ಇಳಿಯಿತು. ಮುಂದಿನ ಶುಕ್ರವಾರ ಫಿನಾಯಿಲ್ ಬಾಟಲಿ ಹುಡುಕಿದರೆ ಅತ್ತೆಯ ಮಂಚದ ಕೆಳಗಿತ್ತು. ಇವತ್ತಿಗೂ ಕೇಳಿಯೇ ಪಡೆಯಬೇಕು.

ತಿಂಗಳ ನಂತರ ಗಂಡನ ಅಕ್ಕ ಮತ್ತೆ ಬಂದರು. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಅತ್ತೆಯೇ ಮಗಳನ್ನು ಹಿತ್ತಿಲಿಗೆ ಕರೆದೊಯ್ದಿದ್ದರು. ಅಡುಗೆಮನೆಯ ಕಿಟಕಿಗೆ ಓಡಿದೆ.

"ನನ್ ಸೊಸೆ ಕಟ್ಸಿದ್ದು. ಬಾಗಿಲ ಬಣ್ಣಾನೂ ಅವಳದೇ" ಅನ್ನುತ್ತಿದ್ದರು ಅತ್ತೆ. "ಹೋಗಿ ನೋಡ್ಕೊಂಡ್ ಬಾ. ಒಳಗೆ ಒಂದ್ ತೊಟ್ಟು ನೀರ್ ಬಿತ್ತೋ, ನಾನ್ ಸುಮ್ನಿರಲ್ಲ."