ಅಕ್ಕಯ್ಯಮ್ಮ ಮಾರದ ಮನೆ

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಸಾಲಿನಲ್ಲಿ ಹತ್ತು ಮನೆಗಳಿಗೂ ಒಂದೇ ತಗಡಿನ ಮಾಡು. ಒಬ್ಬರು ತಗಡು ಬಿಚ್ಚಿದರೆ ಪಕ್ಕದವರ ತೊಲೆ ಅಲ್ಲಾಡುತ್ತದೆ. ಅದಕ್ಕೇ ರಿಪೇರಿಗೆ ಮೊದಲು ಅಕ್ಕಪಕ್ಕದವರನ್ನು ಕರೆಯಬೇಕು, ಅವರು ಬೊಂಬು ತಂದು ತೊಲೆ ಹಿಡಿಯಬೇಕು. ಗಣಿ ನಡೆಯುತ್ತಿದ್ದ ಕಾಲದ ರೂಢಿ ಇದು. ಜಗಳವಿದ್ದರೂ ಬರಲೇಬೇಕು.

ಅಕ್ಕಯ್ಯಮ್ಮ ಬೂದಿಕೋಟೆ ಕಡೆಯಿಂದ ಮದುವೆಯಾಗಿ ಬಂದವಳು. ಗಣಿಯ ಧೂಳು ಕುಡಿದ ಗಂಡ ದೊಡ್ಡವೆಂಕಟಪ್ಪ ಕೆಮ್ಮಿ ಕೆಮ್ಮಿಯೇ ತೀರಿಕೊಂಡ. ಬೆಳಿಗ್ಗೆ ಮುನೇಶ್ವರನಿಗೆ ದೀಪ ಹಚ್ಚಿ, ಆಮೇಲೆ ಇಡ್ಲಿ ಮಾರುವುದು ಅವಳ ಬದುಕು. ಗಣಿ ಕಂಪನಿ ಕೊಟ್ಟ ಮನೆಗಳು ನಮ್ಮ ಹೆಸರಿಗಾಗಲಿ ಎಂದು ಸಾಲಿನವರು ಹೂಡಿದ ಮೊಕದ್ದಮೆ ಇನ್ನೂ ಕೋರ್ಟಿನಲ್ಲಿದೆ.

ಹೋದ ವರ್ಷ ಆಂಡರ್ಸನ್‌ಪೇಟೆಯ ಬಾಲಾಜಿ ಬಂದ. ಕೇಸಿನಲ್ಲಿ ಸಿಕ್ಕಿಕೊಂಡ ಮನೆ, ಸೈಟುಗಳನ್ನು ಅಗ್ಗಕ್ಕೆ ಹಿಡಿಯುವುದೇ ಅವನ ವ್ಯಾಪಾರ. ಹಳೆಯ ಗಣಿ ನೋಡಲು ಬೆಂಗಳೂರಿನವರು ರಜೆಗೆ ಬರತೊಡಗಿದ್ದರು. ಗಣಿಯವರ ಮನೆಯಲ್ಲೇ ಉಳಿಯಲು ಅವರು ಕೇಳಿದಷ್ಟು ಕೊಡುತ್ತಾರೆ, ತೀರ್ಪು ಬಂದರೆ ಬೆಲೆ ಹಾರುತ್ತದೆ ಎಂಬುದು ಅವನ ಲೆಕ್ಕ. ಒಂಬತ್ತು ಮನೆಯವರು ಮುಂಗಡ ತೆಗೆದುಕೊಂಡು ಸಹಿ ಹಾಕಿದರು. ಮಗಳು ರೂಪಳ ನರ್ಸಿಂಗ್ ಓದಿಗೆಂದು ಪಕ್ಕದ ಮನೆಯ ಪುಷ್ಪಳೂ ಹಾಕಿದಳು. ಆದರೆ ಇಡೀ ಸಾಲು ಕೈಗೆ ಬಂದರೆ ಮಾತ್ರ ಉಳಿದ ಹಣ ಎಂದು ಬಾಲಾಜಿಯ ಷರತ್ತು.

"ಕೇಸು ಗೆದ್ದೇ ಗೆಲ್ತದೆ ಅಂತ ನೀನೇ ಅಂತೀಯ. ಮತ್ತೆ ನಾನ್ಯಾಕಪ್ಪ ಮಾರ್ಲಿ?" ಎಂದಳು ಅಕ್ಕಯ್ಯಮ್ಮ.

"ಗೆಲ್ಲೋವರ್ಗೂ ನೀನಿರ್ತೀಯಾ ಅಜ್ಜಿ?"

"ನಾನು ಸತ್ರೆ ಕೇಸೂ ನನ್ನಿಂದೆ ಸುಡುಗಾಡಿಗೆ ಬತ್ತದಾ?"

ಬಾಲಾಜಿ ನಕ್ಕು ಹೋದ. ಪುಷ್ಪ ನಗಲಿಲ್ಲ. ನಲ್ಲಿಯ ಹತ್ತಿರ ಕೇಳಿಯೇಬಿಟ್ಟಳು: "ನಿನ್ ಮೊಂಡಾಟಕ್ಕೆ ನನ್ ಮಗ್ಳ ಓದು ನಿಲ್ಬೇಕಾ ಅಕ್ಕಾ?"

ಅಕ್ಕಯ್ಯಮ್ಮ ಕೊಡ ಎತ್ತಿಕೊಂಡು ಮನೆಗೆ ನಡೆದಳು. ಸಹಿ ಮಾತ್ರ ಹಾಕಲಿಲ್ಲ. ಇಬ್ಬರ ನಡುವೆ ಮಾತು ನಿಂತಿತು.

ಒಂದು ಬೆಳಿಗ್ಗೆ ಬಾಲಾಜಿ ಯಾರನ್ನೂ ಕೇಳದೆ ಪುಷ್ಪಳ ಮನೆಯ ಮೇಲೆ ಆಳುಗಳನ್ನು ಹತ್ತಿಸಿದ. ಹೊಸ ಮಾಡು ಹಾಕಿಸುವ ನೆಪ, ಮುದುಕಿ ಹೆದರಲಿ ಎಂಬ ಆಸೆ. ತಗಡು ಕಿತ್ತೊಡನೆ ತೊಲೆ ನರಳಿತು. ಅಕ್ಕಯ್ಯಮ್ಮನ ಇಡ್ಲಿ ಹಿಟ್ಟಿಗೆ ಮಣ್ಣು ಉದುರಿತು.

"ಅಜ್ಜಿ, ಆಚೆ ಬಾ, ಬಿದ್ದೋಯ್ತದೆ!" ಎಂದು ಆಳುಗಳೇ ಕೂಗಿದರು.

"ಬೀಳ್ಲಿ! ನಾನಿಲ್ಲೇ ಕುಂತಿವ್ನಿ. ಸೈನ್ ಮಾತ್ರ ಆಕಾಕಿಲ್ಲ!"

ಬೊಂಬು ಹಿಡಿದು ಮೊದಲು ಒಳಗೆ ಓಡಿದವಳು ಪುಷ್ಪ. ಹಿಂದೆಯೇ ಇನ್ನೊಂದು ಪಕ್ಕದ ಮನೆಯ ಕುಪ್ಪುಸ್ವಾಮಿ, ಆಮೇಲೆ ಸಾಲಿಗೆ ಸಾಲೇ. ತೊಲೆ ಅಲ್ಲಾಡಿದರೆ ಓಡುವುದು ಅವರ ಕಾಲುಗಳಿಗೇ ಗೊತ್ತಿತ್ತು.

"ಇಳೀರೋ ಕೆಳ್ಗೆ! ಕೇಳ್ದೆ ತಗಡು ಬಿಚ್ತೀರಾ?" ಕುಪ್ಪುಸ್ವಾಮಿ ಗದರಿದ.

"ನೀವೆಲ್ಲಾ ಸೈನ್ ಮಾಡಿದ್ದೀರಲ್ಲಾ!" ಎಂದ ಬಾಲಾಜಿ.

"ಮಾಡಿದ್ದೀವಿ," ಬೊಂಬಿಗೆ ಭುಜ ಕೊಟ್ಟೇ ಪುಷ್ಪ ಹೇಳಿದಳು. "ಕೊಟ್ಟಿರೋದು ನನ್ ಮನೆ. ಅಕ್ಕನ ತಲೆ ಮೇಲಿನ ಮಾಡು ಕೊಟ್ಟಿಲ್ಲ."

ತಗಡು ಮತ್ತೆ ಕೂತಿತು. ಉಳಿದ ಹಣ ಮರೆತುಬಿಡಿ ಎಂದು ಬಾಲಾಜಿ ಬೈಕ್ ಹತ್ತಿದ.

"ನಂಗಿನ್ನೂ ನಿನ್ಮೇಲೆ ಕೋಪ ಐತೆ ಅಕ್ಕಾ," ಎಂದಳು ಪುಷ್ಪ.

"ಇರ್ಲಿ. ಕೋಪ ಮಾಡ್ಕೊಂಡೇ ಬಾ. ಬೆಂಗ್ಳೂರೋರು ಬತ್ತಾರೆ ಅಂತ ಅವ್ನೇ ಏಳ್ದ್ನಲ್ಲ, ಭಾನುವಾರ ನಾವೇ ಅಡುಗೆ ಮಾಡಿ ಮಾರಾನ. ರೂಪನ ಫೀಸು ಮೊದ್ಲು, ನನ್ ಪಾಲು ಆಮ್ಯಾಕೆ."

ಈಗ ಭಾನುವಾರ ಅಕ್ಕಯ್ಯಮ್ಮನ ಬಾಗಿಲಲ್ಲಿ ಎರಡು ಒಲೆ ಉರಿಯುತ್ತವೆ. ಮುದ್ದೆ, ಅವರೆಕಾಳು ಸಾರು ಉಂಡವರು ಮನೆಯ ಫೋಟೋ ತೆಗೆದು, ಇದು ಯಾರದೆಂದು ಕೇಳುತ್ತಾರೆ.

"ಕೋರ್ಟು ಇನ್ನೂ ಏಳಿಲ್ಲ," ಎನ್ನುತ್ತಾಳೆ ಅಕ್ಕಯ್ಯಮ್ಮ. "ನಾನೇಳ್ತೀನಿ ಕೇಳಿ, ನಂದು."