ಸೆತೀಫ್‌ನ ಹಿಮ

ನಾವಿರುವ ವೆರಿಬೀ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ಅಲ್ಜೀರಿಯಾದ ಸೆತೀಫ್ ಎಂಬ ಊರಿನವರು. ಅರವತ್ತು ದಾಟಿದವರು, ಒಂಟಿ. ಆಫ್ರಿಕಾ ಎಂದರೆ ಬರೀ ಬಿಸಿಲು ಎಂದುಕೊಂಡಿದ್ದ ನನಗೆ ಅವರ ಮಾತು ನಂಬಲಾಗುತ್ತಿರಲಿಲ್ಲ. ಆ ಊರು ಎತ್ತರದ ಬಯಲಿನಲ್ಲಿದೆಯಂತೆ. ಬೇಸಿಗೆಯಲ್ಲೂ ರಾತ್ರಿ ಹೊದಿಕೆ ಬೇಕಂತೆ, ಚಳಿಗಾಲದಲ್ಲಿ ಹಿಮ ಬಿದ್ದರೆ ಬಾಗಿಲು ತೆಗೆಯುವುದೇ ಕಷ್ಟವಂತೆ.

ನನ್ನ ಗಂಡ ಆಗ ಇಲ್ಲಿಂದ ಕಾರಿನಲ್ಲಿ ಒಂದು ದಿನದ ದಾರಿಯ ಸಿಡ್ನಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ಬಾಡಿಗೆ ರೂಮು, ಮನೆಗೆ ಬರುವುದು ಯಾವಾಗಲೋ ಒಮ್ಮೆ. ಇಲ್ಲಿ ನಾನು, ಆಸ್ಪತ್ರೆಯ ಶಿಫ್ಟು, ಪುಟ್ಟ ಮಗಳು.

ಇಲ್ಲಿ ಜನವರಿಯೆಂದರೆ ಕಡುಬೇಸಿಗೆ. ಒಂದು ದಿನ ಒಳನಾಡಿನ ಮರುಭೂಮಿ ಕಡೆಯಿಂದ ಬೆಂಕಿಯಂಥ ಬಡಗಣ ಗಾಳಿ ಬೀಸಿ ಕರೆಂಟೂ ಹೋಯಿತು. ರಾತ್ರಿಪಾಳಿ ಮುಗಿಸಿ ಬಂದಿದ್ದ ನಾನು ಬರಿ ನೆಲದ ಮೇಲೆ ಮಲಗಿದ್ದೆ. "ಅಮ್ಮಾ, ಇಟ್ಸ್ ಟೂ ಹಾಟ್" ಎಂದು ಮಗಳು ಅಳುತ್ತಿದ್ದಳು. ಪಕ್ಕದ ಮನೆಯಾಕೆ ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಅವರ ಕಿಟಕಿಗಳಿಗೆಲ್ಲ ಒದ್ದೆ ಬೆಡ್‌ಶೀಟು ಕಟ್ಟಿದ್ದರು.

"ಸಹಾರಾ ಕಡೆಯಿಂದ ಗಾಳಿ ಬಂದ್ರೆ ನಮ್ಮಮ್ಮ ಹೀಗೇ ಮಾಡ್ತಿದ್ರು. ಮಲಕ್ಕೋ ಮಗಳೇ, ಮಗೂನ ನಾನು ನೋಡ್ಕೋತೀನಿ."

ಸಂಜೆ ಎದ್ದಾಗ ಗಾಳಿ ತಿರುಗಿ ತಂಪಾಗಿತ್ತು. ಚಹಾ ಕೊಡುತ್ತಾ ಅವರು ಹೇಳಿದರು: "ಈ ವರ್ಷದ ಕೊನೇಲಿ ಊರಿಗೆ ಹೋಗ್ತೀನಿ. ಇನ್ನೊಂದ್ಸಲ ಹಿಮ ನೋಡ್ಬೇಕು."

ಡಿಸೆಂಬರಿನಲ್ಲಿ ಹೋದರು. ಫೆಬ್ರವರಿಯಲ್ಲಿ ಏರ್‌ಪೋರ್ಟಿನಿಂದ ನಾನೇ ಕರೆತಂದೆ. ಕಾರಿನಲ್ಲಿ ಕೂತು ಸೀಟ್‌ಬೆಲ್ಟು ಹಾಕಿಕೊಂಡರು.

"ಹಿಮ?" ಎಂದೆ.

"ಬೀಳ್ಲಿಲ್ಲ. ಮೂಳೆ ಕೊರೆಯೋ ಚಳಿ, ಆದ್ರೆ ಒಂದು ಹನಿ ಮಳೇನೂ ಇಲ್ಲ. ಗೋಧಿ ಪೈರು ಗೇಣುದ್ದಕ್ಕೇ ನಿಂತುಬಿಟ್ಟಿದೆ. ನನ್ನ ತಮ್ಮ ದಿನಾ ಬೆಳಿಗ್ಗೆ ಟೆರೇಸಿಗೆ ಹೋಗಿ ಆಕಾಶ ನೋಡ್ಬರ್ತಿದ್ದ, ಹಿಮ ಬೀಳದೇ ಇರೋದು ಅವನದೇ ತಪ್ಪು ಅನ್ನೋ ಹಾಗೆ."

ರಾತ್ರಿಪಾಳಿ ಮುಗಿಸಿ ಬಂದಿದ್ದ ನನಗೆ ಕಣ್ಣು ಎಳೆಯುತ್ತಿತ್ತು. ಗಾಡಿ ಓಡಿಸುವುದರಲ್ಲೇ ಸಾಕುಸಾಕಾಗಿತ್ತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಕರೆದರು. ಅವರ ತಮ್ಮ ಫೋನಿಗೆ ವಿಡಿಯೋ ಕಳಿಸಿದ್ದ. ಟೆರೇಸು, ತಂತಿ, ಎದುರುಮನೆಯ ಚಾವಣಿ, ಎಲ್ಲದರ ಮೇಲೂ ದಪ್ಪನೆಯ ಹಿಮ. ಬಿಸಿಲಿಗೆ ಕೈ ಅಡ್ಡ ಹಿಡಿದು ಇಬ್ಬರೂ ನೋಡಿದೆವು.

"ಗೋಧಿಗೆ ಒಳ್ಳೇದಾಯ್ತು," ಎಂದರು. ಎರಡನೆಯ ಸಲ ನೋಡದೆ ಫೋನನ್ನು ಜೇಬಿಗೆ ಹಾಕಿಕೊಂಡರು. "ನಿಂಗೆ ಇವತ್ತೂ ನೈಟ್ ಶಿಫ್ಟ್ ಅಲ್ವಾ? ಹೋಗಿ ಮಲಕ್ಕೋ."

ಒಳಗೆ ಬರುವಷ್ಟರಲ್ಲಿ ಸಿಡ್ನಿಯಿಂದ ಗಂಡನ ಫೋನು. "ಏನೇ ಸಮಾಚಾರ?" ಎಂದರು.

ಹೇಳಬೇಕೆನಿಸಿತು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವಷ್ಟರಲ್ಲೇ ದಣಿವಾಯಿತು.

"ಏನಿಲ್ಲ ಕಣ್ರೀ," ಎಂದೆ. "ಬಿಸಿಲು."