ದಾನೇಶ್ವರಿ ಬರೆಯದ ಸಾವು

ದಾನೇಶ್ವರಿಯ ತಾಯಿ ಸುಂದ್ರವ್ವ ಮಲಾಡಿನಲ್ಲಿ ಒಂದು ಬಿಲ್ಡಿಂಗ್ ಕಟ್ಟುವಾಗ ಇಟ್ಟಿಗೆ ಹೊತ್ತವಳು. ಕಟ್ಟಿ ಮುಗಿದು ಹದಿನೈದು ವರ್ಷವಾದ ಮೇಲೆ ಅದೇ ಬಿಲ್ಡಿಂಗಿನ ಏಳನೇ ಮಾಳಿಗೆಯ ಮನೆಯೊಂದರಲ್ಲಿ ಅವಳಿಗೆ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಮೊದಲ ದಿನ ವಾಚ್‌ಮನ್ ಅವಳನ್ನು ಲಿಫ್ಟಿಗೆ ಹತ್ತಗೊಡಲಿಲ್ಲ. ಕೆಲಸದವರ ಲಿಫ್ಟ್ ಹಿಂದುಗಡೆ ಇದೆ, ಅದು ಇವತ್ತು ಬಂದ್, ಎಂದ. ಸುಂದ್ರವ್ವ ಸಿಟ್ಟಿನಲ್ಲೇ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಹೆಂಗಸಿನ ಹತ್ತಿರ ನೀರು ಕೇಳಿ, ಹೊಸ್ತಿಲ ಹೊರಗೇ ಕೂತು ಕುಡಿದು, ಎದ್ದು ಒಳಗೆ ಹೋಗಿ ಪಾತ್ರೆಗಳನ್ನೆಲ್ಲ ತಿಕ್ಕಿಟ್ಟು ಮನೆಗೆ ಬಂದಳು. ಆ ಅಡುಗೆಮನೆಯ ಗೋಡೆಗಳಿಗೆ ಸಿಮೆಂಟಿನ ಗಿಲಾಯಿ ಆಗುವ ಮೊದಲು ಅದರ ಮೂಲೆಯಲ್ಲಿ ಕೂತು ತಾನು ಎಷ್ಟು ದಿನ ಬುತ್ತಿ ಬಿಚ್ಚಿ ಉಂಡಿದ್ದೆ ಎಂಬುದನ್ನು ಆ ಹೆಂಗಸಿಗೆ ಹೇಳಲಿಲ್ಲ.

ಇದನ್ನು ದಾನೇಶ್ವರಿ ಕಥೆ ಮಾಡಿ ಬರೆದಳು.

ಆಗ ಅವಳಿಗೆ ನಲವತ್ತೊಂದು ವರ್ಷ. ಆರು ವರ್ಷದವಳಿದ್ದಾಗ ಇಂಡಿ ತಾಲೂಕಿನಿಂದ ಅಪ್ಪ-ಅವ್ವನ ಜೊತೆ ಮುಂಬಯಿಗೆ ಬಂದವಳು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದಳು. ಈಗ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಔಷಧಿ ಬಾಟಲಿಗಳ ರಟ್ಟಿನ ಡಬ್ಬಿ ಮಡಚುತ್ತಾಳೆ. ಗಂಡ ಶ್ರೀಮಂತ ರಿಕ್ಷಾ ಓಡಿಸುತ್ತಾನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಚಾಳಿನ ಟಿವಿಗಳೆಲ್ಲ ಒಟ್ಟಿಗೇ ಕೂಗುತ್ತಿರುವಾಗ, ಅವಳು ನೋಟ್‌ಬುಕ್ ಹಿಡಿದು ಕೂರುತ್ತಿದ್ದಳು.

ಅವಳನ್ನು ಬರೆಯಲು ಹಚ್ಚಿದವರು ಶೇಖರ ಮಾಸ್ತರರು. ಉಡುಪಿ ಕಡೆಯವರು. ಶಾಲೆಯಲ್ಲಿ ಅವಳಿಗೆ ಕನ್ನಡ ಕಲಿಸಿದ್ದರು. ನಿವೃತ್ತರಾಗಿ ಮಲಾಡಿನಲ್ಲಿದ್ದರು, ನಾಲ್ಕು ಕಥಾಸಂಕಲನ ತಂದಿದ್ದರು, ಕನ್ನಡ ಸಂಘದ ವೇದಿಕೆಯಲ್ಲಿ ಅವರಿಗೊಂದು ಕುರ್ಚಿ ಇದ್ದೇ ಇರುತ್ತಿತ್ತು. ಒಂದು ದಿನ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಾಗ ಅವಳೇ ಕಾಲಿಗೆ ಬಿದ್ದು ಗುರುತು ಹೇಳಿದಳು. "ಹರಕೆ ಹೊತ್ತ ಹಾಗೆ ದಿನಾ ಒಂದು ಪುಟ ಕಾಪಿ ಬರೆದು ತರ್ತಿದ್ದಿಯಲ್ಲ, ಆ ದಾನೇಶ್ವರಿಯಾ?" ಎಂದು ಅವರು ನಕ್ಕರು. ಮೂವತ್ತು ವರ್ಷ ತನ್ನನ್ನು ಯಾರಾದರೂ ನೆನಪಿಟ್ಟಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಬರೆದದ್ದನ್ನು ಓದಿ ತೋರಿಸತೊಡಗಿದಳು. ಅವರು ಸಮಾಧಾನದಿಂದ ಕೇಳುತ್ತಿದ್ದರು. "ನೀನು ಮಾತಾಡುವ ಹಾಗೇ ಬರಿ. ನಮ್ಮ ಹಾಗೆ ಬರೆಯಲಿಕ್ಕೆ ಹೋಗ್ಬೇಡ," ಎಂದು ಧೈರ್ಯ ಕೊಟ್ಟವರೂ ಅವರೇ.

ಅವ್ವನ ಕಥೆಯನ್ನು ಕೇಳಿ ಮಾಸ್ತರರು ಕನ್ನಡಕ ತೆಗೆದಿಟ್ಟರು.

"ಒಳ್ಳೆದುಂಟು. ಆದ್ರೆ ಕೊನೆಗೆ ಏನೂ ಆಗುದಿಲ್ಲ ಅಲ್ವಾ? ಪಾತ್ರೆ ತೊಳೆದು ಮನೆಗೆ ಹೋದ್ಳು. ಅಷ್ಟೇಯಾ?"

"ಅಷ್ಟೇ ಆಗಿದ್ದು ಸರ್."

"ಆದದ್ದನ್ನೇ ಬರೆಯುವುದಾದ್ರೆ ಕಥೆ ಯಾಕೆ ಮಾರಾಯ್ತಿ? ಓದುವವನ ಎದೆಗೆ ಗುದ್ದಿದ ಹಾಗಾಗ್ಬೇಕು. ಅವಳು ಏಳನೇ ಮಾಳಿಗೆಯಲ್ಲಿ ನಿಲ್ಲುದು ಬೇಡ. ಟೆರೇಸಿಗೆ ಹೋಗಿ ಹಾರ್ಲಿ. ತಾನೇ ಕಟ್ಟಿದ ಬಿಲ್ಡಿಂಗಿನಿಂದ!"

"ನಮ್ಮವ್ವ ಹಂಗ ಮಾಡೂದಿಲ್ರಿ."

"ನಿನ್ನ ಅವ್ವ ಅಲ್ಲ ಅದು. ಪಾತ್ರ."

ಮೂರು ಸಲ ಅವಳು ಹಳೆಯ ಕೊನೆಯನ್ನೇ ಓದಿದಳು, ಮೂರು ಸಲವೂ ಅವರು ಬೇಡವೆಂದು ತಲೆಯಾಡಿಸಿದರು. ನಾಲ್ಕನೆಯ ಸಲ ಅವರೇ ಪೆನ್ನು ತೆಗೆದುಕೊಂಡು ಕೊನೆಯ ಪುಟವನ್ನು ಬರೆದುಕೊಟ್ಟರು. ಸಂಘದ ವಾರ್ಷಿಕ ಕಥಾಸಂಕಲನಕ್ಕೆ ಅವರೇ ಸಂಪಾದಕರು. ಕಥೆ ಅದರಲ್ಲಿ ಹಾಗೆಯೇ ಅಚ್ಚಾಯಿತು.

ಪುಸ್ತಕ ಬಂದ ದಿನ ದಾನೇಶ್ವರಿ ತಾಯಿಗೆ ಅದನ್ನು ಓದಿ ಹೇಳಿದಳು. ಸುಂದ್ರವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ನಾ ಇಲ್ಲೇ ಕುಂತೀನಲ್ಲ. ನನ್ನ ಯಾಕ ಸಾಯಿಸಿದಿ?"

"ಅದು ಕತಿ, ಅವ್ವಾ. ಸರ್ ಹಂಗಿದ್ರ ಚೊಲೊ ಅಂದ್ರು."

"ನಿಮ್ಮ ಸರ್ ಏಳ ಮಾಳಿಗಿ ಯಾವತ್ತರ ಹತ್ಯಾರೇನು? ಹತ್ತಿದ ಮ್ಯಾಲ ಹಾರಬೇಕ ಅನಸೂದಿಲ್ಲ. ಕುಂದರಬೇಕ ಅನಸ್ತದ."

ಸಂಕಲನದ ಚರ್ಚೆ ಆಂಟಾಪ್ ಹಿಲ್‌ನ ಒಂದು ಸಭಾಭವನದಲ್ಲಿ ನಡೆಯಿತು. ಶ್ರೀಮಂತನಿಗೆ ಕನ್ನಡ ಸಾಹಿತ್ಯದ ಗಂಧವಿಲ್ಲದಿದ್ದರೂ ಆ ದಿನ ರಿಕ್ಷಾ ತೆಗೆಯದೆ, ಇಸ್ತ್ರಿ ಶರ್ಟು ಹಾಕಿಕೊಂಡು ಹೆಂಡತಿಯ ಜೊತೆ ಬಂದಿದ್ದ. ಕರ್ನಾಟಕದಿಂದ ಕರೆಸಿದ್ದ ಒಬ್ಬ ಪ್ರಸಿದ್ಧ ವಿಮರ್ಶಕರು ಒಂದೊಂದೇ ಕಥೆಯ ಬಗ್ಗೆ ಹೇಳುತ್ತ ದಾನೇಶ್ವರಿಯ ಕಥೆಗೆ ಬಂದು ನಿಂತರು. ಅವರ ದನಿ ಏರಿತು.

"ಇಡೀ ಕಥೆ ನೆಟ್ಟಗೆ ನಡೆದು ಕೊನೆಯ ಪುಟದಲ್ಲಿ ಸತ್ತುಹೋಗಿದೆ. ಕಣ್ಣೀರಿನ ಆಸೆಗೆ ಒಬ್ಬ ಗಟ್ಟಿ ಹೆಂಗಸನ್ನು ಟೆರೇಸಿನಿಂದ ತಳ್ಳಿದ್ದಾರೆ. ದುಡಿಯುವವರ ಬದುಕು ಈ ಲೇಖಕಿಗೆ ಏನೂ ಗೊತ್ತಿಲ್ಲ. ಇಂಥವರು ಕೆಲವು ವರ್ಷ ಬರೆಯದೇ ಇರುವುದು ಕನ್ನಡಕ್ಕೆ ಕ್ಷೇಮ."

ಸಭೆಯಲ್ಲಿ ನಗೆ ಎದ್ದಿತು. ಡಬ್ಬಿ ಮಡಚಿ ಮಡಚಿ ತುದಿ ಸವೆದ ಬೆರಳುಗಳನ್ನು ದಾನೇಶ್ವರಿ ಸೆರಗಿನಲ್ಲಿ ಸುತ್ತಿಕೊಂಡಳು. ಆದರೂ ಆ ಗಳಿಗೆಯಲ್ಲಿ ಅವಳಿಗೆ ಅಷ್ಟೇನೂ ನೋವಾಗಲಿಲ್ಲ. ಅವರು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಶೇಖರ ಮಾಸ್ತರರಿದ್ದರು. ಅವರು ಒಂದು ಮಾತು ಹೇಳಿದರೆ ಮುಗಿಯಿತು. ಅವಳು ಅವರ ಮುಖ ನೋಡುತ್ತ ಕೂತಳು.

ಮಾಸ್ತರರು ಮೈಕನ್ನು ಹತ್ತಿರ ಎಳೆದುಕೊಂಡರು. "ಆ ಅಂತ್ಯ ಬೇಡ ಎಂದು ನಾನೂ ಎಷ್ಟೋ ಸಲ ಹೇಳಿದ್ದೆ. ಹೊಸಬರಿಗೆ ಹಟ ಜಾಸ್ತಿ. ಹುರುಪು ಕೆಡಬಾರದೆಂದು ಅಚ್ಚು ಮಾಡಿದೆ, ಅದು ನನ್ನ ತಪ್ಪು," ಎಂದರು. ತಪ್ಪೊಪ್ಪಿಕೊಂಡ ದೊಡ್ಡತನಕ್ಕೆ ಜನ ಚಪ್ಪಾಳೆ ತಟ್ಟಿದರು.

"ಕ್ಯಾ ಹುವಾ?" ಎಂದು ಶ್ರೀಮಂತ ಕಿವಿಯಲ್ಲಿ ಕೇಳಿದ. ಅವಳು ಎದ್ದು ಹೊರನಡೆದಳು. ಲೋಕಲ್‌ನಲ್ಲಿ ಇಬ್ಬರೂ ಜೋಗೇಶ್ವರಿಗೆ ವಾಪಸಾದರು.

ಮುಂದಿನ ಭಾನುವಾರ ಅವಳು ನೋಟ್‌ಬುಕ್ ಹಿಡಿದು ಮಾಸ್ತರರ ಮನೆಗೆ ಹೋದಳು. ಅವರ ಅಕ್ಷರದ ಪುಟವನ್ನು ತೆರೆದು ಟೀಪಾಯಿಯ ಮೇಲಿಟ್ಟಳು.

"ಇದು ಯಾರ ಅಕ್ಷರ ಸರ್?"

ಅವರು ಪುಟದ ಕಡೆ ನೋಡಲಿಲ್ಲ. "ಕೂತ್ಕೋ. ಚಾ ಮಾಡಿಸ್ತೇನೆ."

"ಚಾ ಬ್ಯಾಡ್ರಿ. ಯಾಕ ಹಂಗಂದ್ರಿ?"

"ಆ ವಿಮರ್ಶಕರು ನನ್ನ ಹೊಸ ಪುಸ್ತಕಕ್ಕೆ ಮುನ್ನುಡಿ ಬರೆಯುವವರು. ನಲವತ್ತು ವರ್ಷದ ಹೆಸರು ನನ್ನದು. ಅಷ್ಟು ಜನರ ಎದುರು ಅದು ನಾನು ಬರೆದದ್ದು ಅಂತ ಹೇಗೆ ಹೇಳುದು?" ಆಮೇಲೆ ಸಮಾಧಾನ ಮಾಡುವವರ ದನಿಯಲ್ಲಿ, "ನಿಂಗೆ ಹೋದದ್ದೇನು ಹೇಳು? ನಿನ್ನನ್ನು ಅಲ್ಲಿ ಯಾರು ಗುರುತಿಸ್ತಾರೆ?" ಎಂದರು.

ಆಗ ದಾನೇಶ್ವರಿಗೆ ಅಳು ಬಂತು. ವಿಮರ್ಶಕರು ಬೈದಾಗ ಬಾರದ ಅಳು.

"ಯಾರೂ ಗುರುತಿಸೂದಿಲ್ಲ ಅಂತ ನನ್ನ ತಲಿ ಮ್ಯಾಲ ಹಾಕಿದ್ರಿ. ನೀವೊಬ್ರು ಗುರುತ ಹಿಡದೀರಿ ಅಂತ ತಿಳದಿದ್ದೆ ಸರ್," ಎಂದು ನೋಟ್‌ಬುಕ್ ಎತ್ತಿಕೊಂಡು ಹೊರಬಿದ್ದಳು.

ಐದು ತಿಂಗಳು ಅವಳು ಒಂದಕ್ಷರ ಬರೆಯಲಿಲ್ಲ. ಕಾರ್ಖಾನೆಯಲ್ಲಿ ಮೈಮೇಲೆ ಬಂದವಳಂತೆ ಕೆಲಸ ಮಾಡಿದಳು. ಅವಳನ್ನು ಕಾಡಿದ್ದು ಸಭೆಯ ನಗೆಯಲ್ಲ. ಮಾಸ್ತರರು ಹಿಂದೆ ಹೊಗಳಿದ ಒಂದೊಂದು ಮಾತನ್ನೂ ನೆನೆದು, ಇದು ನಿಜವೋ ಇದೂ ಸುಳ್ಳೋ ಎಂದು ತೂಗಿ ನೋಡುವ ಚಾಳಿ ಹತ್ತಿಕೊಂಡಿತ್ತು. ಮಾತಾಡುವ ಹಾಗೇ ಬರಿ ಎಂದದ್ದು ಮೆಚ್ಚಿ ಹೇಳಿದ್ದೋ, ಇವಳ ಯೋಗ್ಯತೆಗೆ ಇಷ್ಟೇ ಸಾಕೆಂದು ಹೇಳಿದ್ದೋ? ಯಾವ ಮಾತನ್ನೂ ಪೂರ್ತಿ ನಂಬಲಾಗಲಿಲ್ಲ, ಪೂರ್ತಿ ಬಿಡಲೂ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳು ಅವ್ವನ ಕಥೆಯನ್ನು ತನ್ನ ಕೊನೆಯೊಂದಿಗೆ ಮತ್ತೆ ಬರೆದು ಒಂದು ಮಾಸಪತ್ರಿಕೆಗೆ ಕಳಿಸಿದಳು. ಅದು ವಾಪಸು ಬಂತು. "ಕೊನೆಯಲ್ಲಿ ಏನೂ ನಡೆಯುವುದಿಲ್ಲ" ಎಂದು ಚೀಟಿಯಲ್ಲಿತ್ತು. ಮಾಸ್ತರರ ಮಾತೇ. ಅವಳು ಒಬ್ಬಳೇ ಕೂತು ನಕ್ಕಳು, ಆಮೇಲೆ ಅದೇ ಪ್ರತಿಯನ್ನು ಇನ್ನೊಂದು ಪತ್ರಿಕೆಗೆ ಕಳಿಸಿದಳು. ಅವರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು, ಹೆಚ್ಚು ಜನ ಓದದ ಒಂದು ಸಣ್ಣ ದ್ವೈಮಾಸಿಕದವರು, ಒಂದು ವಾಕ್ಯವನ್ನೂ ತಿದ್ದದೆ ಪ್ರಕಟಿಸಿದರು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಲಾವಣ್ಯಾ ಫೋನ್ ಮಾಡಿದಳು. ಮಾಸ್ತರರಿಗೆ ಎಪ್ಪತ್ತೈದು ತುಂಬುತ್ತದೆ, ಅಭಿನಂದನ ಗ್ರಂಥ ತರುತ್ತಿದ್ದೇವೆ, ಶಿಷ್ಯೆಯಾಗಿ ನೀವೊಂದು ಲೇಖನ ಬರೆಯಬೇಕು ಎಂದಳು. ಬೇಡವೆನ್ನಬೇಕೆಂದುಕೊಂಡವಳು ಒಪ್ಪಿಕೊಂಡಳು. ಎರಡು ಭಾನುವಾರ ಕೂತು ಬರೆದಳು. ಐದನೆಯ ಇಯತ್ತೆಯಲ್ಲಿ, ಹೊಟ್ಟೆ ಹಸಿದ ಮಕ್ಕಳಿಗೆ ಮಾಸ್ತರರು ತಮ್ಮ ಡಬ್ಬಿಯ ದೋಸೆ ಹಂಚುತ್ತಿದ್ದುದನ್ನು ಬರೆದಳು. ತನ್ನಂಥವಳ ಕೈಗೆ ಪೆನ್ನು ಕೊಟ್ಟದ್ದನ್ನು ಬರೆದಳು. ಕೊನೆಯ ಪುಟ ಯಾರದೆಂಬುದನ್ನೂ, ಸಭೆಯಲ್ಲಿ ನಡೆದದ್ದನ್ನೂ ಬರೆದಳು. ಬೈಗುಳ ಒಂದೂ ಇರಲಿಲ್ಲ.

ಎಂಟು ದಿನಕ್ಕೆ ಮತ್ತೆ ಫೋನ್ ಬಂತು. "ಲೇಖನ ಚೆನ್ನಾಗಿದೆ ಅಕ್ಕಾ, ಬಟ್ ಕೊನೆ ಭಾಗ ತೆಗೀಬೇಕು. ಇಂಥ ಪುಸ್ತಕದಲ್ಲಿ ಅದು ಚೆನ್ನಾಗಿ ಕಾಣಲ್ಲ, ಅಚ್ಛಾ ನಹೀ ಲಗತಾ."

"ತಗದ್ರ ಪೂರ್ತಿ ತಗೀರಿ," ಎಂದಳು ದಾನೇಶ್ವರಿ.

ಅವರು ಪೂರ್ತಿ ತೆಗೆದರು. ಗ್ರಂಥ ಅವಳ ಲೇಖನವಿಲ್ಲದೆ ಬಂತು. ಸಮಾರಂಭಕ್ಕೆ ಅವಳು ಹೋಗಲಿಲ್ಲ.

ಈಗ ಅವಳು ಬರೆಯುತ್ತಾಳೆ. ಕಳಿಸುವ ಮೊದಲು ಯಾರಿಗೂ ತೋರಿಸುವುದಿಲ್ಲ. ವಾಪಸು ಬಂದರೆ ಒಂದು ದಿನ ಮುಖ ಊದಿಸಿಕೊಂಡಿರುತ್ತಾಳೆ, ಮರುದಿನ ಬೇರೆ ವಿಳಾಸ ಹುಡುಕುತ್ತಾಳೆ. ಆದರೆ ಒಳ್ಳೆಯದೊಂದು ಸಾಲು ಬಂದಾಗ, ಇದನ್ನು ಕೇಳಿ ಸರ್ ಏನನ್ನುತ್ತಿದ್ದರು ಎಂಬ ಯೋಚನೆ ಈಗಲೂ ಎಲ್ಲಕ್ಕಿಂತ ಮುಂಚೆ ಬರುತ್ತದೆ. ಅದೊಂದಕ್ಕೆ ಮಾತ್ರ ಅವಳು ಅವರನ್ನು ಇನ್ನೂ ಕ್ಷಮಿಸಿಲ್ಲ.